ಖಾರ ಸರಿ, ಎಳೆ ಹೇಗಿದೆ? ಕೊರಿಯಾದ ತಣ್ಣನೆ ನೂಡಲ್ಸ್ ಬಗ್ಗೆ ಓದುಗರ ಪ್ರಶ್ನೆಗಳು

ಬೇಸಿಗೆ ಶುರುವಾದ ಮೇಲೆ ಅಡುಗೆ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊರಿಯಾದ ಖಾರದ ತಣ್ಣನೆ ನೂಡಲ್ಸ್ ಬಗ್ಗೆಯೇ ಇದ್ದವು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಮೇಡಂ, ಕೊರಿಯನ್ ಧಾರಾವಾಹಿಯಲ್ಲಿ ಸ್ಟೀಲ್ ಬಟ್ಟಲಲ್ಲಿ ಕೆಂಪಗೆ ಕಲಸಿದ ತಣ್ಣನೆ ನೂಡಲ್ಸ್ ನೋಡಿ ಮಗಳು ಹಠ ಹಿಡಿದಿದ್ದಾಳೆ. ಹುಡುಕಿದರೆ ನಾಲ್ಕೈದು ಹೆಸರು ಬರುತ್ತವೆ. ಮನೆಯಲ್ಲಿ ಯಾವುದನ್ನು ಮಾಡಲಿ?
– ಓದುಗರು, ದಾವಣಗೆರೆ

ಬಿಬಿಮ್ ಗುಕ್ಸು ಮಾಡಿ. ಸೊಮ್ಯೊನ್ ಎನ್ನುವ ತೆಳ್ಳನೆ ಗೋಧಿ ನೂಡಲ್ಸನ್ನು ಬೇಯಿಸಿ, ತಣ್ಣೀರಲ್ಲಿ ತೊಳೆದು, ಖಾರ ಹುಳಿ ಸಿಹಿ ಮೂರೂ ಇರುವ ಸಾಸಿನಲ್ಲಿ ಕಲಸುವುದು, ಅಷ್ಟೇ. ಕೊರಿಯಾದ ಮನೆಗಳಲ್ಲಿ ಬೇಸಿಗೆಯಲ್ಲಿ ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಮನಸ್ಸಿಲ್ಲದಾಗ ಮಾಡಿಕೊಳ್ಳುವ ಊಟ ಇದು.

ನಿಮ್ಮ ಮಗಳು ನೋಡಿದ್ದು ಬಹುಶಃ ಬಿಬಿಮ್ ನೇಂಗ್‌ಮ್ಯೊನ್. ಅದನ್ನು ಅಲ್ಲಿಯವರೂ ಹೆಚ್ಚಾಗಿ ಹೋಟೆಲಿಗೆ ಹೋಗಿಯೇ ತಿನ್ನುತ್ತಾರೆ. ಈಗಿನ ಉತ್ತರ ಕೊರಿಯಾದಲ್ಲಿರುವ ಹಾಮ್‌ಹುಂಗ್ ಕಡೆಯ ರುಚಿ ಅದು, ಅಲ್ಲಿ ಆಲೂಗಡ್ಡೆ ಪಿಷ್ಟದಿಂದ ಎಳೆ ಮಾಡುತ್ತಿದ್ದರು. 1950–53ರ ಕೊರಿಯಾ ಯುದ್ಧದ ಕಾಲದಲ್ಲಿ ದಕ್ಷಿಣಕ್ಕೆ ಬಂದ ನಿರಾಶ್ರಿತರು ಸೋಲ್ ನಗರದ ಓಜಾಂಗ್‌ದೋಂಗ್‌ನಲ್ಲಿ, ಸಮುದ್ರದ ದಂಡೆಯ ಸೊಕ್ಚೊ ಊರಲ್ಲಿ ಅಂಗಡಿ ಇಟ್ಟರು, ಮತ್ತು ಅಲ್ಲಿ ಸುಲಭವಾಗಿ ಸಿಗುತ್ತಿದ್ದ ಗೆಣಸಿನ ಪಿಷ್ಟ ಹಿಡಿದರು. ಆ ಎಳೆ ಎಷ್ಟು ಬಿಗಿ ಅಂದರೆ ಊಟದ ಮೇಜಿಗೆ ಕತ್ತರಿ ಬರುತ್ತದೆ! ಇಂಚೊನ್ ಊರಿನ ಜೊಲ್‌ಮ್ಯೊನ್ ಇನ್ನೊಂದು ಬಗೆ. 1970ರ ದಶಕದಲ್ಲಿ ಹುಟ್ಟಿದ್ದು, ಎಳೆ ದಪ್ಪ, ಜೊತೆಗೆ ಎಲೆಕೋಸು ಮತ್ತು ಮೊಳಕೆ ರಾಶಿ. ಪ್ಯಾಕೆಟ್ಟಿನಲ್ಲಿ ಬರುವ ತಣ್ಣನೆ ಖಾರದ ನೂಡಲ್ಸ್ ಬೇಕೆಂದರೆ ಪಾಲ್ಡೊ ಕಂಪನಿಯದು 1984ರಿಂದ ಇದೆ. ಮೊದಲ ಸಲ ರುಚಿ ಗೊತ್ತಾಗಲಿ ಅಂತ ಅದನ್ನು ತಂದರೂ ತಪ್ಪಿಲ್ಲ.

ನಾನು ಮಾಡಿದಾಗ ನೂಡಲ್ಸ್ ಮುದ್ದೆಯಾಯಿತು. ಸಾಸ್ ಒಂದು ಕಡೆ, ನೀರು ಒಂದು ಕಡೆ. ಎಲ್ಲಿ ತಪ್ಪಾಯಿತು? ಅಳತೆ ಸಮೇತ ಹೇಳಿ.
– ಓದುಗರು, ಮೈಸೂರು

ಒಳ್ಳೆ ಪ್ರಶ್ನೆ. ಈ ತಿಂಡಿ ನಿಂತಿರುವುದೇ ಇದರ ಮೇಲೆ. ಎಲ್ಲರೂ ಖಾರದ ಬಗ್ಗೆ ಕೇಳುತ್ತಾರೆ, ಆದರೆ ಸಾಸ್ ಸ್ವಲ್ಪ ಹೆಚ್ಚುಕಡಿಮೆಯಾದರೆ ಸರಿಮಾಡಬಹುದು, ಎಳೆ ಕೆಟ್ಟರೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಮೊದಲು ಸಾಸ್ ಕಲಸಿಡಿ. ಇಬ್ಬರಿಗೆ ಗೊಚುಜಾಂಗ್ (ಕೊರಿಯಾದ ಮಾಗಿಸಿದ ಮೆಣಸಿನ ಪೇಸ್ಟ್) 2 ದೊಡ್ಡ ಚಮಚ, ಮೆಣಸಿನ ಪುಡಿ 1, ಸೋಯಾ ಸಾಸ್ 1, ವಿನೆಗರ್ 2, ಸಕ್ಕರೆ ಒಂದೂವರೆ ದೊಡ್ಡ ಚಮಚ, ಜಜ್ಜಿದ ಬೆಳ್ಳುಳ್ಳಿ ಒಂದು ಚಿಕ್ಕ ಚಮಚ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಮೆಣಸಿನ ಪುಡಿ ನೆನೆದು ಸಾಸ್ ಮಂದವಾಗುತ್ತದೆ. ರುಚಿ ನೋಡಿದಾಗ ಹುಳಿ ಸಿಹಿ ಎರಡೂ ಸ್ವಲ್ಪ ಜಾಸ್ತಿ ಅನ್ನಿಸಬೇಕು, ಯಾಕೆಂದರೆ ಏನೂ ರುಚಿಯಿಲ್ಲದ ಎಳೆಯ ಮೇಲೆ ಅದು ಹರಡಿಕೊಳ್ಳಬೇಕು, ಅಲ್ಲದೆ ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಐಸ್‌ಕ್ರೀಮ್ ಕರಗಿದ ಮೇಲೆ ಕುಡಿದರೆ ವಿಪರೀತ ಸಿಹಿ ಅನ್ನಿಸುತ್ತದಲ್ವಾ, ಅದೇ ಕಾರಣ.

ಈಗ ನೂಡಲ್ಸ್. ಒಬ್ಬರಿಗೆ 100 ಗ್ರಾಂ. ತಕ್ಕಡಿ ಇಲ್ಲದಿದ್ದರೆ ಕೊರಿಯಾದವರು 500 ವೋನ್ ನಾಣ್ಯದಷ್ಟು ಅಗಲದ ಕಂತೆ ಹಿಡಿದು ಅಳೆಯುತ್ತಾರೆ, ನಮ್ಮ 10 ರೂಪಾಯಿ ನಾಣ್ಯ ಹೆಚ್ಚುಕಡಿಮೆ ಅಷ್ಟೇ ಇದೆ. 200 ಗ್ರಾಮಿಗೆ ಕನಿಷ್ಠ 2 ಲೀಟರ್ ನೀರು ಚೆನ್ನಾಗಿ ಕುದಿಯಲಿ. ನೂಡಲ್ಸ್ ಹಾಕಿದ ಮೇಲೆ ನೊರೆ ಉಕ್ಕಿ ಬರುತ್ತದೆ, ಆಗ ಅರ್ಧ ಲೋಟ ತಣ್ಣೀರು ಹಾಕಿ. ಮತ್ತೆ ಉಕ್ಕಿದಾಗ ಮತ್ತೆ ಅರ್ಧ ಲೋಟ. ಉಕ್ಕಿ ಚೆಲ್ಲುವುದೂ ತಪ್ಪುತ್ತದೆ, ಹೊರಗೆ ಮೆತ್ತಗಾಗಿ ಒಳಗೆ ಹಸಿ ಉಳಿಯುವುದೂ ತಪ್ಪುತ್ತದೆ. ತೆಳ್ಳನೆ ಎಳೆಗೆ ಒಟ್ಟು ಮೂರರಿಂದ ನಾಲ್ಕು ನಿಮಿಷ ಸಾಕು. ಒಂದು ಎಳೆ ಕಚ್ಚಿ ನೋಡಿ, ನಡುವೆ ಬಿಳಿ ಚುಕ್ಕೆ ಕಾಣಬಾರದು.

ತಕ್ಷಣ ಜರಡಿಗೆ ಬಸಿದು, ತಣ್ಣೀರು ಹಾಕಿ, ಎರಡೂ ಕೈಯಿಂದ ಉಜ್ಜಿ ತೊಳೆಯಿರಿ. ಸುಮ್ನೆ ನೀರು ಹಾಯಿಸಿದರೆ ಸಾಲದು. ಬೆಂದ ಎಳೆಯ ಮೈಮೇಲೆ ಪಿಷ್ಟದ ಅಂಟು ಕೂತಿರುತ್ತದೆ, ನಿಮ್ಮ ನೂಡಲ್ಸ್ ಮುದ್ದೆಯಾಗಿದ್ದು ಅದರಿಂದಲೇ. ನೀರು ಬದಲಾಯಿಸುತ್ತಾ, ತೊಳೆದ ನೀರು ತಿಳಿಯಾಗುವವರೆಗೆ ಮಾಡಿ. ಕೈಗೆ ಜಾರುವುದು ನಿಂತು ಎಳೆ ಬಿಗಿಯಾಗಿದ್ದು ಬೆರಳಿಗೇ ಗೊತ್ತಾಗುತ್ತದೆ. ಕೊನೆಯ ಸಲ ಐಸ್ ಹಾಕಿದ ನೀರಲ್ಲಿ ಅರ್ಧ ನಿಮಿಷ ಅದ್ದಿ. ಇದನ್ನು ಮತ್ತೆ ಬಿಸಿ ಮಾಡದೆ ತಿನ್ನುತ್ತೇವೆ, ಹಾಗಾಗಿ ತೊಳೆಯುವುದಕ್ಕೂ ಐಸಿಗೂ ಕುಡಿಯುವ ನೀರೇ ಇರಲಿ.

ಆಮೇಲೆ ಹಿಂಡಿ. ಜರಡಿಯಲ್ಲಿಟ್ಟು ಅಂಗೈಯಿಂದ ಒತ್ತಿದರೆ ಎಷ್ಟು ನೀರು ಬರುತ್ತದೆ ನೋಡಿ! ಆ ನೀರೇ ನಿಮ್ಮ ಸಾಸನ್ನು ತೆಳು ಮಾಡಿದ್ದು. ಈಗ ಸಾಸ್ ಹಾಕಿ ಕೈಯಿಂದ ಕಲಸಿ, ಕೊನೆಗೆ ಒಂದು ಚಮಚ ಎಳ್ಳೆಣ್ಣೆ, ಮೇಲೆ ಸಣ್ಣಗೆ ಉದ್ದಕ್ಕೆ ಹೆಚ್ಚಿದ ಸೌತೆಕಾಯಿ, ಕಿಮ್ಚಿ (ಹುಳಿ ಬರಿಸಿದ ಕೊರಿಯಾದ ತರಕಾರಿ) ಇದ್ದರೆ ಕಿಮ್ಚಿ, ಬೇಯಿಸಿದ ಮೊಟ್ಟೆಯ ಅರ್ಧ ಹೋಳು. ಕೊರಿಯಾದವರದು ಹುರಿದ ಎಳ್ಳಿನ ಎಣ್ಣೆ, ಬಣ್ಣ ಗಾಢ, ಪರಿಮಳ ಜೋರು. ನಮ್ಮ ಗಾಣದ ಎಳ್ಳೆಣ್ಣೆಯಲ್ಲಿ ಆ ಹುರಿದ ಪರಿಮಳ ಇರುವುದಿಲ್ಲ, ಅದನ್ನೇ ಹಾಕುವುದಾದರೆ ಜೊತೆಗೆ ಎಳ್ಳನ್ನು ಹೊಂಬಣ್ಣಕ್ಕೆ ಹುರಿದು ಕುಟ್ಟಿ ಉದುರಿಸಿ.

ಸೊಮ್ಯೊನ್ ಸಿಗದಿದ್ದರೆ ಮೊಟ್ಟೆ ಹಾಕದ ತೆಳ್ಳನೆ ಗೋಧಿ ನೂಡಲ್ಸ್ ಯಾವುದಾದರೂ ಆದೀತು. ಅಕ್ಕಿ ಶಾವಿಗೆ ಬೇಡ, ಉಜ್ಜಿ ತೊಳೆದರೆ ತುಂಡಾಗುತ್ತದೆ.

ಗೊಚುಜಾಂಗ್ ನಮ್ಮೂರಲ್ಲಿ ಸಿಗುವುದಿಲ್ಲ. ಮನೆ ತುಂಬ ಬ್ಯಾಡಗಿ ಮೆಣಸಿನಕಾಯಿ ಇದೆ. ಅದರಲ್ಲೇ ಆಗುತ್ತದಾ?
– ಓದುಗರು, ಹಾವೇರಿ

ಅರ್ಧ ಆಗುತ್ತದೆ. ಆ ಅರ್ಧ ತುಂಬ ಚೆನ್ನಾಗಿ ಆಗುತ್ತದೆ.

ಗೊಚುಗಾರು, ಅಂದರೆ ಅವರ ಮೆಣಸಿನ ಪುಡಿಯ ಗುಣ ಗಾಢ ಕೆಂಪು, ಸ್ವಲ್ಪ ಸಿಹಿ, ಹದವಾದ ಖಾರ. ನಿಮ್ಮ ಬ್ಯಾಡಗಿಯದೂ ಅದೇ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದ್ದೂ ಈ ಬಣ್ಣ ರುಚಿಗಳ ಹೆಸರಿನಿಂದಲೇ. ಬೀಜ ತೆಗೆದು, ಬಿಸಿಲಿಗಿಟ್ಟು ಗರಿಗರಿಯಾದ ಮೇಲೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತರಿತರಿಯಾಗಿ ತಿರುಗಿಸಿ. ಸಾರಿನ ಪುಡಿಗೆ ಮಾಡುವಂತೆ ಎಣ್ಣೆಯಲ್ಲಿ ಹುರಿಯಬೇಡಿ, ಹುರಿದ ಘಾಟು ಇಲ್ಲಿ ಹೊಂದುವುದಿಲ್ಲ. ಗುಂಟೂರು ಬೇಡವೇ ಬೇಡ, ಬಣ್ಣ ಬರುವಷ್ಟು ಹಾಕಿದರೆ ತಿನ್ನಲಾಗುವುದಿಲ್ಲ.

ಗೊಚುಜಾಂಗ್ ಬೇರೆ ವಿಷಯ. ಮೆಣಸಿನ ಪುಡಿ, ಅಂಟಕ್ಕಿ, ಹುಳಿ ಬರಿಸಿದ ಸೋಯಾ ಕಾಳಿನ ಪುಡಿ, ಉಪ್ಪು ಕಲಸಿ ಮಣ್ಣಿನ ಜಾಡಿಯಲ್ಲಿ ತಿಂಗಳುಗಟ್ಟಲೆ ಮಾಗಿಸುತ್ತಾರೆ. ದಕ್ಷಿಣ ಕೊರಿಯಾದ ಸುಂಚಾಂಗ್ ಊರು ಇದಕ್ಕೇ ಹೆಸರುವಾಸಿ. ಆ ಮಾಗಿದ ರುಚಿಯನ್ನು ಒಂದು ಮಧ್ಯಾಹ್ನದಲ್ಲಿ ತರಲಾಗುವುದಿಲ್ಲ. ಆದರೂ ತಿನ್ನಲು ಚೆನ್ನಾಗಿರುವ ಬದಲಿ ಇದೆ: ಒಂದು ಚಮಚ ಅಕ್ಕಿ ಹಿಟ್ಟನ್ನು ನೀರಲ್ಲಿ ಗಟ್ಟಿ ಗಂಜಿಯಾಗಿ ಕಾಯಿಸಿ, ಆರಿದ ಮೇಲೆ ಎರಡು ಚಮಚ ಬ್ಯಾಡಗಿ ಪುಡಿ, ಒಂದು ಚಮಚ ಸೋಯಾ ಸಾಸ್, ಒಂದು ಚಮಚ ಬೆಲ್ಲ ಸೇರಿಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಟೊಮೆಟೊ ಕೆಚಪ್ ಮಾತ್ರ ಸೇರಿಸಬೇಡಿ. ಹುಳಿಗೆ ಹುಣಸೆಹಣ್ಣೂ ಬೇಡ, ಸೇಬಿನ ವಿನೆಗರ್ ಅಥವಾ ನಿಂಬೆರಸ ಇರಲಿ.

ನಾವು ಸಸ್ಯಾಹಾರಿಗಳು, ಅತ್ತೆ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ನಮಗೆ ಇದು ಆಗುವ ತಿಂಡಿಯಾ?
– ಓದುಗರು, ಉಡುಪಿ

ಖಂಡಿತ ಆಗುತ್ತದೆ. ಕೊರಿಯಾದ ಬೌದ್ಧ ಮಠಗಳ ಅಡುಗೆಯಲ್ಲಿ ಮಾಂಸ ಮೀನಿನ ಜೊತೆ ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ, ಹಾಗಾಗಿ ಬೆಳ್ಳುಳ್ಳಿ ಬಿಟ್ಟು ಮಾಡಿದರೆ ತಿಂಡಿ ಕೆಡುತ್ತದೆ ಅಂದುಕೊಳ್ಳಬೇಡಿ. ಎಚ್ಚರ ಬೇಕಿರುವುದು ಕೊಂಡು ತರುವ ಡಬ್ಬಿಗಳ ಬಗ್ಗೆ. ಕಿಮ್ಚಿಯಲ್ಲಿ ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸಿಗಡಿ ಇರುತ್ತದೆ. ಸಿದ್ಧ ನೇಂಗ್‌ಮ್ಯೊನ್ ಪ್ಯಾಕೆಟ್ಟಿನ ಸಾರಿನಲ್ಲಿ ಗೋಮಾಂಸದ ಸತ್ವ ಇರುವುದು ಮಾಮೂಲು. ಕಾರ್ಖಾನೆಯ ಗೊಚುಜಾಂಗ್ ಹೆಚ್ಚಾಗಿ ಸಸ್ಯಾಹಾರವೇ, ಆದರೆ ಹಲವು ಕಂಪನಿಗಳು ಅದಕ್ಕೆ ಬೆಳ್ಳುಳ್ಳಿ ಈರುಳ್ಳಿ ಸೇರಿಸುತ್ತವೆ. ಲೇಬಲ್ ಪೂರ್ತಿ ಓದಿ. ಅತ್ತೆಯವರಿಗೆ ಮೇಲೆ ಹೇಳಿದ ಬ್ಯಾಡಗಿ ಸಾಸೇ ಒಳ್ಳೆಯದು, ಸ್ವಲ್ಪ ಶುಂಠಿ ತುರಿದು ಹಾಕಿ. ಮೊಟ್ಟೆ ಬದಲು ತೋಫು, ಕಿಮ್ಚಿ ಬದಲು ಉಪ್ಪು ಸವರಿ ಹಿಂಡಿದ ಮೂಲಂಗಿ.

ತಣ್ಣನೆ ನೂಡಲ್ಸ್ ಬೇಸಿಗೆಯ ತಿಂಡಿ ಅಂತಾರೆ, ಗೆಳತಿಯೊಬ್ಬಳು ಚಳಿಗಾಲದ್ದು ಅಂತಾಳೆ. ಯಾವುದು ಸರಿ?
– ಓದುಗರು, ಧಾರವಾಡ

ತಣ್ಣನೆ ಸಾರಿನಲ್ಲಿ ಬಡಿಸುವ ನೇಂಗ್‌ಮ್ಯೊನ್ ವಿಷಯದಲ್ಲಿ ನಿಮ್ಮ ಗೆಳತಿ ಹೇಳಿದ್ದು ಸರಿ. 1849ರ ಒಂದು ಕೊರಿಯನ್ ಗ್ರಂಥ ಅದನ್ನು ಹನ್ನೊಂದನೇ ಚಾಂದ್ರಮಾಸದ, ಅಂದರೆ ಚಳಿಗಾಲದ ತಿಂಡಿಗಳ ಸಾಲಿನಲ್ಲಿ ಹೇಳುತ್ತದೆ. ಕಾರಣ ಸರಳ. ಅದರ ಎಳೆಗೆ ಬೇಕಾದ ಬಕ್‌ವೀಟ್, ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು, ಕೊಯ್ಲಾಗುವುದು ಶರತ್ಕಾಲದಲ್ಲಿ. ಸಾರಿಗೆ ಬೇಕಾದ ಮೂಲಂಗಿ ಕಿಮ್ಚಿಯ ತಿಳಿ ನೀರು ಸಿದ್ಧವಾಗುವುದು ಚಳಿಯಲ್ಲಿ. ಫ್ರಿಜ್ ಇಲ್ಲದ ಕಾಲದಲ್ಲಿ ಐಸೂ ಆಗಲೇ ತಾನೇ? ಕೆಳಗಿನಿಂದ ಕಾಯಿಸಿದ ನೆಲದ ಮೇಲೆ ಕೂತು ತಣ್ಣನೆ ನೂಡಲ್ಸ್ ತಿನ್ನುತ್ತಿದ್ದರು. ಬಕ್‌ವೀಟ್ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ, ಎಳೆಯಲು ಬರುವುದಿಲ್ಲ. ಅದಕ್ಕೇ ಮರದ ಒತ್ತುಯಂತ್ರವನ್ನು ಕುದಿಯುವ ಹಂಡೆಯ ಮೇಲೇ ಇಟ್ಟು, ತೂತುಗಳಿಂದ ಎಳೆ ನೇರ ನೀರಿಗೆ ಬೀಳುವಂತೆ ಒತ್ತುತ್ತಿದ್ದರು. ಪ್ಯೊಂಗ್ಯಾಂಗ್ ಶೈಲಿಯ ಈ ತಣ್ಣನೆ ಸಾರಿನ ನೂಡಲ್ಸ್ ಪದ್ಧತಿಯನ್ನು 2022ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 2018ರ ಏಪ್ರಿಲ್‌ನಲ್ಲಿ ಎರಡೂ ಕೊರಿಯಾಗಳ ನಾಯಕರು ಗಡಿಯ ಪಾನ್‌ಮುನ್‌ಜೊಮ್‌ನಲ್ಲಿ ಊಟಕ್ಕೆ ಕೂತಾಗ ಬಡಿಸಿದ್ದೂ ಇದನ್ನೇ. ಖಾರದ ಬಿಬಿಮ್ ಗುಕ್ಸು ಮಾತ್ರ ಈಗ ಪೂರ್ತಿ ಬೇಸಿಗೆಯದು.

ಆರು ವರ್ಷದ ಮಗನ ಟಿಫಿನ್ ಡಬ್ಬಿಗೆ ಹಾಕಬಹುದಾ? ಖಾರ ಕಡಿಮೆ ಮಾಡುವುದು ಹೇಗೆ?
– ಓದುಗರು, ಬೆಂಗಳೂರು

ಡಬ್ಬಿಗೆ ಬೇಡ. ಕಲಸಿದ ಸ್ವಲ್ಪ ಹೊತ್ತಿಗೇ ಎಳೆ ಸಾಸಿನ ನೀರು ಹೀರಿ ಊದಿಕೊಳ್ಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಮಗು ತಿನ್ನುವ ಸ್ಥಿತಿಯಲ್ಲಿ ಇರುವುದಿಲ್ಲ, ಸೆಕೆಯಲ್ಲಿ ಬೆಂದ ನೂಡಲ್ಸ್ ಅಷ್ಟು ಹೊತ್ತು ಹೊರಗಿರುವುದೂ ಒಳ್ಳೆಯದಲ್ಲ. ಶಾಲೆಯಿಂದ ಬಂದ ಮೇಲೆ ಮಾಡಿಕೊಡಿ, ಸಾಸ್ ಮೊದಲೇ ಇದ್ದರೆ ಹತ್ತು ನಿಮಿಷದ ಕೆಲಸ. ಮಕ್ಕಳಿಗೆಂದೇ ಕೊರಿಯಾದಲ್ಲಿ ಖಾರವಿಲ್ಲದ ಬಗೆ ಇದೆ: 100 ಗ್ರಾಂ ನೂಡಲ್ಸಿಗೆ ಸೋಯಾ ಸಾಸ್ ಒಂದು ದೊಡ್ಡ ಚಮಚ, ಸಕ್ಕರೆ ಒಂದು ಚಿಕ್ಕ ಚಮಚ, ಹುರಿದ ಎಳ್ಳಿನ ಎಣ್ಣೆ ಎರಡು ಚಿಕ್ಕ ಚಮಚ. ಒಂದೇ ಪಾತ್ರೆಯಲ್ಲಿ ಎಲ್ಲರ ನೂಡಲ್ಸ್ ಬೇಯಿಸಿ ತೊಳೆದು, ಅವನದನ್ನು ಮಾತ್ರ ಇದರಲ್ಲಿ ಕಲಸಿ. ನಿಮ್ಮ ಬಟ್ಟಲಿನ ರುಚಿ ಕೇಳಿದರೆ ಒಂದೆರಡು ಎಳೆ ಕೊಡಿ. ಖಾರ ಹತ್ತಿದರೆ ನೀರು ಕುಡಿಸಬೇಡಿ, ಮೆಣಸಿನ ಖಾರ ನೀರಿಗೆ ಕರಗುವುದಿಲ್ಲ. ಅರ್ಧ ಲೋಟ ಹಾಲು ಕೊಡಿ.