ಲೋ ಸೋಡಿಯಂ ಉಪ್ಪು: ಅಮ್ಮನಿಗೆ ಕೊಡಬಹುದಾ?

ನಿಮ್ಮ ಅಮ್ಮನಿಗೆ 64 ವರ್ಷ, ಬಿಪಿ ಇದೆ, ಲೋ ಸೋಡಿಯಂ ಉಪ್ಪು ಕೊಡಬಹುದಾ, ಇಲ್ಲಾ ಸೈಂಧವ ಲವಣವೇ ಸಾಕಾ ಅಂತ ಕೇಳಿದ್ದೀರಿ.

ಸೈಂಧವ ಲವಣದ್ದು ಬಣ್ಣ ಮಾತ್ರ ಬೇರೆ. ಅದರಲ್ಲೂ ಬಹುಪಾಲು ಸೋಡಿಯಂ ಕ್ಲೋರೈಡೇ, ಅಂದರೆ ಮಾಮೂಲಿ ಉಪ್ಪೇ. ಬಿಪಿಗೆ ಒಳ್ಳೆಯದು ಅಂತ ಸುಮ್ನೆ ದುಡ್ಡು ಕೊಡಬೇಡಿ.

ಲೋ ಸೋಡಿಯಂ ಉಪ್ಪಿನ ಕಥೆ ಬೇರೆ. ಅದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು, ಫಲಿತಾಂಶ ಬಂದದ್ದು 2021ರಲ್ಲಿ. ಎಲ್ಲರೂ ಹಿಂದೆ ಸ್ಟ್ರೋಕ್ ಆದವರು, ಇಲ್ಲವೇ ಬಿಪಿ ಇದ್ದ 60 ದಾಟಿದವರು, ಅಂದರೆ ನಿಮ್ಮ ಅಮ್ಮನಂಥವರೇ. ಅರ್ಧ ಹಳ್ಳಿಗಳಿಗೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. ಸುಮಾರು ಐದು ವರ್ಷದಲ್ಲಿ ಅಲ್ಲಿ ಸ್ಟ್ರೋಕ್ 14% ಕಡಿಮೆ, ಸಾವು 12% ಕಡಿಮೆ. ಬರೀ ಉಪ್ಪು ಬದಲಿಸಿ ಇಷ್ಟು ಸಿಕ್ಕಿದ್ದು ದೊಡ್ಡದೇ, ಅಲ್ವಾ?

ಆದರೆ ಅಂಗಡಿಗೆ ಹೋಗುವ ಮೊದಲು ಅಮ್ಮನ ಮಾತ್ರೆ ಚೀಟಿ ನೋಡಿ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಥರದ ಮಾತ್ರೆ ಇದ್ದರೆ, ಈ ಉಪ್ಪೂ ಸೇರಿ ದೇಹದಲ್ಲಿ ಪೊಟ್ಯಾಸಿಯಂ ಏರಬಹುದು. ಕಿಡ್ನಿ ತೊಂದರೆ ಇದ್ದರಂತೂ ಈ ಉಪ್ಪು ಅಪಾಯ. ಪೊಟ್ಯಾಸಿಯಂ ಜಾಸ್ತಿಯಾದರೆ ಹೃದಯದ ಬಡಿತವೇ ತಪ್ಪಬಹುದು. ಹಾಗಾಗಿ ಕ್ರಿಯೇಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವುದು), ಪೊಟ್ಯಾಸಿಯಂ ಎರಡರ ರಕ್ತಪರೀಕ್ಷೆ ಮಾಡಿಸಿ, ಡಾಕ್ಟರ್ ಹ್ಞೂಂ ಅಂದಮೇಲೆ ತನ್ನಿ. ಪ್ಯಾಕೆಟ್ ಮೇಲೆ ಅಯೋಡಿನ್ ಇದೆಯಾ ಅಂತಲೂ ನೋಡಿ. ಬಿಪಿ ಮಾತ್ರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಮತ್ತೆ ಉಪ್ಪಿನಕಾಯಿ, ಹಪ್ಪಳದಲ್ಲಿರುವುದು ಹಳೇ ಉಪ್ಪೇ. ಅದನ್ನು ಅಮ್ಮನಿಗೆ ಹೇಳುವ ಕೆಲಸ ನಿಮ್ಮದು!