ಗಣಿತ ಮಾತಾಡಲು ಜೊತೆ ಬೇಕು

(ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಒಬ್ಬರ ಕತೆ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಆಲ್ಜೀಬ್ರಾಯಿಕ್ ಜಾಮೆಟ್ರಿಯಲ್ಲಿ ಪಿಎಚ್‌ಡಿ ಮುಗಿಸಿ, ತಾಯಿಯ ಆರೈಕೆಗೆಂದು ಊರಿಗೆ ಮರಳಿದವರು. "ಯಾರ ಕೂಡ ಮಾತಾಡ್ಲಿರಿ ಮೇಡಂ? ಊರಿಗೆ ಬಂದಾಗಿಂದ ಒಂದ್ ಸಾಲು ಬರದಿಲ್ರಿ" ಅಂದರು.

ನಿದ್ದೆ, ಊಟ, ಪಾಠ ಎಲ್ಲ ಸರಿಯಾಗಿಯೇ ಇತ್ತು. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಇದ್ದದ್ದು ಒಂಟಿತನ, ಅದಕ್ಕಿಂತ ಜಾಸ್ತಿ ನಾಚಿಕೆ. ಗೈಡ್‌ಗೂ ಫೋನ್ ಮಾಡುವುದನ್ನು ಬಿಟ್ಟಿದ್ದರು. "ಏನ್ ಮಾಡಿದಿ ಅಂತ ಕೇಳಿದ್ರ ಏನ್ ಹೇಳ್ಲಿ?"

ಆಲ್ಜೀಬ್ರಾಯಿಕ್ ಜಾಮೆಟ್ರಿ ಅಂದರೆ ಸಮೀಕರಣಗಳಿಂದ ಹುಟ್ಟುವ ಆಕಾರಗಳ ಅಧ್ಯಯನ ಎಂದು ಅವರೇ ನನಗೆ ತಿಳಿಸಿದರು. 1960ರ ಹೊತ್ತಿಗೆ ಗ್ರೋಥೆಂಡೀಕ್ ಎಂಬ ಗಣಿತಜ್ಞರು ಇದರ ಬುನಾದಿಯನ್ನೇ ಹೊಸದಾಗಿ ಕಟ್ಟಿದರಂತೆ. ಆ ಭಾಷೆ ಕಲಿಯಲು ವರ್ಷಗಳು ಬೇಕು. ಒಂದು ಲೆಮ್ಮಾದಲ್ಲಿ (ದೊಡ್ಡ ಪ್ರಮೇಯಕ್ಕೆ ಮೆಟ್ಟಿಲಾಗುವ ಚಿಕ್ಕ ಪ್ರಮೇಯ) ಸಿಕ್ಕಿಕೊಂಡರೆ ಒಬ್ಬರೇ ತಿಂಗಳುಗಟ್ಟಲೆ ಒದ್ದಾಡಬೇಕಾಗುತ್ತದೆ. ಬಲ್ಲವರು ಪಕ್ಕದಲ್ಲಿದ್ದರೆ ಹತ್ತು ನಿಮಿಷದಲ್ಲಿ ಬಿಡಿಸಿ ಹೇಳಬಹುದು. ಹೀಗಿರುವಾಗ ತನ್ನ ತಲೆಯೇ ಸಾಲದು ಅಂತ ಅನ್ನಿಸುವುದು ಸಹಜ ಅಲ್ವಾ?

ಇದೇ ಕ್ಷೇತ್ರದ ಗಣಿತಜ್ಞರಾದ ನರಸಿಂಹನ್ ಮತ್ತು ಶೇಷಾದ್ರಿ ಅವರ ಬಗ್ಗೆ ಮಾತಾಡುವಾಗ ಈ ಉಪನ್ಯಾಸಕಿಯ ಮುಖ ಅರಳುತ್ತಿತ್ತು. ಇಬ್ಬರೂ 1953ರಲ್ಲಿ ಮುಂಬೈನ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಸೇರಿದವರು. ಅವರ ಹೆಸರಿನ ಪ್ರಮೇಯ ಪ್ರಕಟವಾದದ್ದು 1965ರಲ್ಲಿ. "ನಡುವಿನ ಹನ್ನೆರಡು ವರ್ಷ ಅವರು ಬರೀ ಮುಗಿದ ಕೆಲಸದ ಬಗ್ಗೆಯೇ ಮಾತಾಡಿರುತ್ತಾರಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ರಿ" ಅಂದರು.

ನಾನು ಕೊಟ್ಟ ಮೊದಲ ಸಲಹೆ ಚಿಕ್ಕದು. ದೊಡ್ಡ ಪ್ರೊಫೆಸರ್ ಬೇಡ, ಜೊತೆಗೆ ಓದಿದ ಒಬ್ಬರಿಗೆ ಮೇಲ್ ಬರೆಯಿರಿ. ಯಾವ ಪೇಪರ್, ಯಾವ ಲೆಮ್ಮಾ, ಏನು ಮಾಡಿ ನೋಡಿದೆ, ಎಲ್ಲಿ ನಿಂತಿದೆ, ಅಷ್ಟೇ ಇರಲಿ. 'ಒಟ್ಟಿಗೆ ಸಂಶೋಧನೆ ಮಾಡೋಣವೇ' ಎಂದು ಕೇಳಿದರೆ ಯಾರಾದರೂ ಹಿಂಜರಿಯುತ್ತಾರೆ. ಒಂದು ಖಚಿತ ಪ್ರಶ್ನೆಗೆ ಉತ್ತರಿಸುವುದು ಸುಲಭ. ಉತ್ತರ ಬಂದರೆ, ವಾರಕ್ಕೆ ಒಂದು ಗಂಟೆ ವಿಡಿಯೋ ಕರೆಯಲ್ಲಿ ಸೇರಿ ಒಂದೇ ಪೇಪರ್ ಓದಿ. ತಿಳಿಯದ್ದನ್ನೇ ಮೊದಲು ಹೇಳಿಕೊಳ್ಳುವುದು ನಿಯಮವಾಗಲಿ.

ಪೇಪರ್ ಆದರೆ ತಮ್ಮ ಹೆಸರು ಹಿಂದೆ ಬೀಳುತ್ತದೆ ಎಂಬ ಭಯವೂ ಇತ್ತು. ಗಣಿತದಲ್ಲಿ ಲೇಖಕರ ಹೆಸರು ಸಾಮಾನ್ಯವಾಗಿ ಅಕ್ಷರಕ್ರಮದಲ್ಲೇ ಇರುತ್ತದೆ. ಇದು ಅವರಿಗೆ ಗೊತ್ತಿದ್ದದ್ದೇ, ಆದರೆ ಒಂಟಿಯಾಗಿ ಕೂತಾಗ ಗೊತ್ತಿರುವುದೂ ಧೈರ್ಯ ಕೊಡುವುದಿಲ್ಲ. ನ್ಯಾಷನಲ್ ಸೆಂಟರ್ ಫಾರ್ ಮ್ಯಾಥಮ್ಯಾಟಿಕ್ಸ್ ನಡೆಸುವ ಶಿಬಿರಗಳಿಗೆ ಅರ್ಜಿ ಹಾಕಲೂ ಹೇಳಿದೆ. ಪಾಠದಷ್ಟೇ ಊಟದ ಹೊತ್ತಿನ ಮಾತೂ ಅಲ್ಲಿ ಮುಖ್ಯ.

ಈಗ ಮೂವರು ಸೇರಿ ಓದುತ್ತಿದ್ದಾರೆ. ಗೈಡ್ ಜೊತೆಗೂ ಮಾತಾಡಿದ್ದಾರೆ. ಪೇಪರ್ ಇನ್ನೂ ಆಗಿಲ್ಲ. ಕೆಲಸಕ್ಕೆ ಖಾತ್ರಿಯೂ ಇಲ್ಲ; ಆ ಚಿಂತೆ ದೊಡ್ಡದೇ, ಮುಂದಿನ ಭೇಟಿಗಳನ್ನು ಅದಕ್ಕೇ ಇಟ್ಟಿದ್ದೇವೆ. ಶಿಬಿರಕ್ಕೆ ಅರ್ಜಿ ಹೋಗಿದೆ. ಆಯ್ಕೆಯಾದರೆ ಅಷ್ಟು ದಿನ ತಾಯಿಯ ಹತ್ತಿರ ಇರಲು ಸೇಡಂನ ಚಿಕ್ಕಮ್ಮ ಒಪ್ಪಿದ್ದಾರೆ.