ಡೌನ್‌ಟೌನ್‌ನಲ್ಲಿ ಮಲ್ಟಿಪ್ಲೆಕ್ಸ್ ಕಟ್ಟಿದರೆ ಊರಿಗೆ ಕಳೆ ಬರುತ್ತಾ?

ನಿಮ್ಮ ಪ್ರಶ್ನೆ ಹೀಗಿದೆ: "ನಾವಿರುವ ಅಮೆರಿಕದ ಸಬರ್ಬ್ ಊರಿನ ಡೌನ್‌ಟೌನ್ ಸಂಜೆ ಆರಾದರೆ ಬಿಕೋ ಅನ್ನುತ್ತದೆ. ಸಿನಿಮಾ, ಹೋಟೆಲು, ಅಂಗಡಿ ಎಲ್ಲ ಸೇರಿದ ದೊಡ್ಡ ಕಾಂಪ್ಲೆಕ್ಸ್ ಒಂದನ್ನು ಊರ ನಡುವೆ ಕಟ್ಟಿಸುತ್ತೇವೆ ಅಂತ ಸಿಟಿ ಕೌನ್ಸಿಲ್‌ನವರು ಹೊರಟಿದ್ದಾರೆ. ಇದು ಎಲ್ಲಾದರೂ ಕೈಹಿಡಿದಿದೆಯಾ, ಇಲ್ಲ ನಮ್ಮ ತೆರಿಗೆ ದುಡ್ಡು ನೀರುಪಾಲಾ?"

ಕೈಹಿಡಿದ ಊರು ಒಂದಿದೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿ. ಸ್ಯಾನ್ ಫ್ರಾನ್ಸಿಸ್ಕೋಗೂ ಸ್ಯಾನ್ ಹೋಸೆಗೂ ನಡುವೆ, ರೈಲು ದಾರಿಯಲ್ಲೇ ಸಿಗುತ್ತದೆ. ನಾನಿರುವುದು ಅದೇ ಕಡೆ, ಹಾಗಾಗಿ ಅದರ ಬಗ್ಗೆಯೇ ಬರೆಯುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ಊರನ್ನು ಎಬ್ಬಿಸಿದ್ದು ಬರೀ ಸಿನಿಮಾ ಅಲ್ಲ.

1867ರಲ್ಲೇ ನಗರವಾದ ಹಳೆಯ ಊರು ಅದು, ಸ್ಯಾನ್ ಮಟೇಯೊ ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ಆಡಳಿತ ಕೇಂದ್ರ. ಬೆಟ್ಟದ ಮೇಲಿನ ರೆಡ್‌ವುಡ್ ಮರಗಳನ್ನು ಕಡಿದು ಹಡಗಿಗೆ ಹೇರುತ್ತಿದ್ದದ್ದು ಅಲ್ಲಿಂದಲೇ. ಆಮೇಲೆ ಅಕ್ಕಪಕ್ಕದ ಊರುಗಳಲ್ಲಿ ವಿಶಾಲ ಪಾರ್ಕಿಂಗ್ ಇರುವ ಶಾಪಿಂಗ್ ಸೆಂಟರುಗಳು ಎದ್ದವು, ಗಿರಾಕಿಗಳೆಲ್ಲ ಅತ್ತ ಹೋದರು. ಮುಖ್ಯ ಬೀದಿ ಬ್ರಾಡ್‌ವೇ ಖಾಲಿ ಹೊಡೆಯತೊಡಗಿತು. ಸುತ್ತಲಿನವರು ಊರಿಗೆ "ಡೆಡ್‌ವುಡ್ ಸಿಟಿ" ಅಂತ ಅಡ್ಡಹೆಸರಿಟ್ಟು ಆಡಿಕೊಳ್ಳುತ್ತಿದ್ದರು. "ಸರ್ಕಾರಿ ಪರೀಕ್ಷೆಯ ಪ್ರಕಾರ ಅತ್ಯುತ್ತಮ ಹವೆ" ಅನ್ನುವ ಘೋಷವಾಕ್ಯದ ಕಮಾನು ಮಾತ್ರ ರಸ್ತೆಯ ಮೇಲೆ ಠೀವಿಯಿಂದ ನಿಂತಿತ್ತು!

2006ರ ಬೇಸಿಗೆಯಲ್ಲಿ 20 ತೆರೆಗಳ ಸೆಂಚುರಿ ಚಿತ್ರಮಂದಿರ ಶುರುವಾಯಿತು. ಅದರ ವಿನ್ಯಾಸವನ್ನು ಸ್ವಲ್ಪ ಗಮನಿಸಿ. ಕಾರು ನಿಲ್ಲಿಸಲು ನೆಲದಡಿ ಜಾಗ, ರಸ್ತೆಯ ಮಟ್ಟದಲ್ಲಿ ಅಂಗಡಿ ಮತ್ತು ಹೋಟೆಲುಗಳು, ಸಿನಿಮಾ ಮೇಲೆ. ಮುಖ್ಯ ಬಾಗಿಲು ಬೀದಿಗೇ ಮುಖಮಾಡಿದೆ. ಎದುರಿಗೆ 1910ರ ಹಳೆ ಕೋರ್ಟ್ ಕಟ್ಟಡ, ಈಗ ಅದು ಮ್ಯೂಸಿಯಂ. 1939ರಲ್ಲಿ ಆ ಚಂದದ ಕಟ್ಟಡದ ಮುಂದೆ ಸರ್ಕಾರಿ ಕಚೇರಿಯೊಂದನ್ನು ಅಡ್ಡ ಕಟ್ಟಿ ಮುಖವನ್ನೇ ಮುಚ್ಚಿಬಿಟ್ಟಿದ್ದರು. ಥಿಯೇಟರ್ ಕಟ್ಟುವ ಹೊತ್ತಿಗೆ ಅದನ್ನು ಕೆಡವಿ, ಆ ಜಾಗವನ್ನು ಕೋರ್ಟ್‌ಹೌಸ್ ಸ್ಕ್ವೇರ್ ಅನ್ನುವ ಬಯಲು ಮಾಡಿದರು. ಬೇಸಿಗೆಯ ಸಂಜೆ ಅಲ್ಲಿ ಪುಕ್ಕಟೆ ಸಂಗೀತ ಕಛೇರಿ ಇರುತ್ತದೆ. ಮಡಚುವ ಕುರ್ಚಿ ಹೊತ್ತುಕೊಂಡು ಬಂದ ಅಜ್ಜ ಅಜ್ಜಿಯರು ಮುಂದಿನ ಸಾಲು ಹಿಡಿದು ಕೂತಿರುತ್ತಾರೆ, ಹಿಂದೆ ಮಕ್ಕಳು ಓಡಾಡಿಕೊಂಡಿರುತ್ತವೆ.

ಬೆಂಗಳೂರಿನ ಕೆ.ಜಿ. ರಸ್ತೆಯ ಟಾಕೀಸುಗಳಲ್ಲಿ ಶೋ ಬಿಟ್ಟರೆ ಜನ ಸೀದಾ ಫುಟ್‌ಪಾತಿಗೆ ಬರುತ್ತಿದ್ದರಲ್ಲ, ಇಲ್ಲೂ ಹಾಗೇ. ಮಾಲ್ ಆಗಿದ್ದರೆ ಲಿಫ್ಟ್ ಹತ್ತಿ, ಸಿನಿಮಾ ನೋಡಿ, ಲಿಫ್ಟ್ ಇಳಿದು, ಬೀದಿಗೆ ಕಾಲಿಡದೆಯೇ ಕಾರು ತೆಗೆದು ಮನೆಗೆ ಹೋಗಿರುತ್ತಿದ್ದರು. ಅದರಿಂದ ಬೀದಿಗೆ ಮೂರು ಕಾಸಿನ ಪ್ರಯೋಜನವಿಲ್ಲ.

ಇನ್ನು ಪಾರ್ಕಿಂಗ್. ನನ್ನ ಲೆಕ್ಕದಲ್ಲಿ ಕಥೆಯ ಜೀವಾಳ ಇಲ್ಲಿದೆ, ಆದರೆ ಇದರ ಬಗ್ಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಸಿನಿಮಾಕ್ಕೆ ಬಂದವರಿಗೆ ಮೂರು ಗಂಟೆಯಾದರೂ ಕಾರು ನಿಲ್ಲಿಸಬೇಕು. ರಸ್ತೆಬದಿಯಲ್ಲಿ ಒಂದು ಗಂಟೆಯ ಮಿತಿ ಇಟ್ಟರೆ ದಂಡ ಖಾತ್ರಿ. ಮಿತಿಯೂ ಬೇಡ, ದುಡ್ಡೂ ಬೇಡ ಅಂದರೆ ಬ್ರಾಡ್‌ವೇಯ ಜಾಗವನ್ನೆಲ್ಲ ಅಂಗಡಿ ನೌಕರರೇ ಬೆಳಗ್ಗೆ ಬಂದು ಹಿಡಿದುಬಿಡುತ್ತಾರೆ. ಗಿರಾಕಿ ನಾಲ್ಕು ಸುತ್ತು ಹೊಡೆದು, ಬೈದುಕೊಂಡು ವಾಪಸ್. ಅದೇ ಹೊತ್ತಿನಲ್ಲಿ ಎರಡು ರಸ್ತೆ ಆಚೆಯ ಪಾರ್ಕಿಂಗ್ ಕಟ್ಟಡ ಖಾಲಿ ಇರುತ್ತದೆ.

ಥಿಯೇಟರ್ ಬರುವ ಮುಂಚೆಯೇ, 2005ರಲ್ಲಿ, ನಗರಸಭೆ ಹೊಸ ನಿಯಮ ಮಾಡಿತು. ಸಮಯದ ಮಿತಿ ತೆಗೆದುಹಾಕಿತು. ನಡುಬೀದಿಯಲ್ಲಿ ಹೆಚ್ಚು ದರ, ಪಕ್ಕದ ರಸ್ತೆಗಳಲ್ಲಿ ಕಮ್ಮಿ, ದೂರದ ಜಾಗ ಇನ್ನೂ ಅಗ್ಗ. ಸುಮಾರು 85% ಜಾಗ ತುಂಬಿರಬೇಕು, ಉಳಿದದ್ದು ಖಾಲಿ ಇರಬೇಕು, ಅದಕ್ಕೆ ತಕ್ಕಂತೆ ದರ ಏರಿಸಿ ಇಳಿಸಿ ಅಂತ ಅಧಿಕಾರಿಗಳಿಗೆ ಅಧಿಕಾರ ಕೊಟ್ಟಿತು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಪ್ರೊಫೆಸರ್ ಡೊನಾಲ್ಡ್ ಶೂಪ್ ಹೇಳುತ್ತಿದ್ದದ್ದು ಇದನ್ನೇ, ಅದನ್ನು ಮೊದಮೊದಲಿಗೆ ಜಾರಿಗೆ ತಂದ ಊರುಗಳಲ್ಲಿ ಇದೂ ಒಂದು. (ಶೂಪ್ 2025ರಲ್ಲಿ ತೀರಿಕೊಂಡರು.) ಅವಸರ ಇದ್ದವರು ಹತ್ತಿರ ನಿಲ್ಲಿಸಿ ಹೆಚ್ಚು ಕೊಡುತ್ತಾರೆ, ನನ್ನಂಥವರು ದೂರ ನಿಲ್ಲಿಸಿ ನಡೆಯುತ್ತಾರೆ. ನಡೆಯುವಾಗ ನಾಲ್ಕು ಅಂಗಡಿ ಕಣ್ಣಿಗೆ ಬೀಳುತ್ತವೆ.

ಹಾಗಿದ್ದರೂ ಸಿನಿಮಾದಿಂದ ತುಂಬಿದ್ದು ಸಂಜೆ ಮತ್ತು ವಾರಾಂತ್ಯ ಮಾತ್ರ. ಮಂಗಳವಾರ ಮಧ್ಯಾಹ್ನ ಯಾರು ಬರುತ್ತಾರೆ? ಆ ಕೊರತೆ ನೀಗಿದ್ದು 2011ರ ಡೌನ್‌ಟೌನ್ ಯೋಜನೆಯಿಂದ. 2,500 ಮನೆ, 5 ಲಕ್ಷ ಚದರಡಿ ಕಚೇರಿ ಅಂತ ಮಿತಿ ಹಾಕಿ, ನಿಯಮಕ್ಕೆ ಸರಿಯಾಗಿದ್ದರೆ ಬೇಗ ಒಪ್ಪಿಗೆ ಅಂದರು. ಕಚೇರಿಯ ಪಾಲು ಕೆಲವೇ ವರ್ಷಗಳಲ್ಲಿ ಖರ್ಚಾಗಿಹೋಯಿತು. ಬಾಕ್ಸ್ ಅನ್ನುವ ಸಾಫ್ಟ್‌ವೇರ್ ಕಂಪನಿ ತನ್ನ ಮುಖ್ಯ ಕಚೇರಿಯನ್ನೇ ಅಲ್ಲಿಗೆ ತಂದಿತು. ಸುತ್ತ ಹೊಸ ಮನೆಗಳು, ಪಕ್ಕದಲ್ಲಿ ರೈಲು ನಿಲ್ದಾಣ. ಹೀಗೆ ಅಲ್ಲೇ ವಾಸವಿರುವ ಜನ ಬಂದ ಮೇಲೆ ಊರಿಗೆ ನಿಜವಾದ ಕಳೆ ಬಂತು.

ನಿಮ್ಮ ದುಡ್ಡಿನ ಪ್ರಶ್ನೆಗೆ ಬರೋಣ. ಅಲ್ಲಿ ಖಾಸಗಿ ಬಿಲ್ಡರ್ ಜೊತೆ ನಿಂತದ್ದು ಊರಿನ ರಿಡೆವಲಪ್‌ಮೆಂಟ್ ಏಜೆನ್ಸಿ. ಒಂದು ಪ್ರದೇಶದ ಗಡಿ ಗುರುತಿಸಿ, ಮುಂದೆ ಅಲ್ಲಿ ಹೆಚ್ಚಾಗುವ ಆಸ್ತಿ ತೆರಿಗೆಯನ್ನು ಈ ಏಜೆನ್ಸಿ ಪಡೆಯುತ್ತಿತ್ತು, ಅದನ್ನು ನಂಬಿ ಸಾಲ ಎತ್ತುತ್ತಿತ್ತು. ಶಾಲೆಗೂ ಕೌಂಟಿಗೂ ಹೋಗಬೇಕಾದ ದುಡ್ಡು ಇತ್ತ ಹರಿಯುತ್ತಿದೆ ಅನ್ನುವ ತಕರಾರು ಇದ್ದೇ ಇತ್ತು. 2012ರ ಫೆಬ್ರವರಿಗೆ ಕ್ಯಾಲಿಫೋರ್ನಿಯಾ ಆ ಏಜೆನ್ಸಿಗಳನ್ನೆಲ್ಲ ಮುಚ್ಚಿತು. ಹಾಗಾಗಿ ನಿಮ್ಮ ಕೌನ್ಸಿಲ್‌ನವರು ರೆಡ್‌ವುಡ್ ಸಿಟಿಯ ಉದಾಹರಣೆ ಕೊಟ್ಟರೆ, ನಿಮ್ಮಲ್ಲಿ ದುಡ್ಡು ಎಲ್ಲಿಂದ ಅಂತ ಕೇಳಿ.

ಮುಳುಗಿದ ಉದಾಹರಣೆ ಬೇಕಾದರೆ ಮಿಷಿಗನ್‌ನ ಫ್ಲಿಂಟ್ ಇದೆ. ಅದು ಸಬರ್ಬ್ ಅಲ್ಲ, ಕಾರು ಕಾರ್ಖಾನೆಗಳ ಊರು. ಕಾರ್ಖಾನೆಗಳು ಸೊರಗುತ್ತಿದ್ದಾಗ 1984ರ ಜುಲೈನಲ್ಲಿ ಆಟೋವರ್ಲ್ಡ್ ಅನ್ನುವ ಒಳಾಂಗಣ ಮನರಂಜನಾ ಪಾರ್ಕ್ ತೆರೆದರು. ಮುಂದಿನ ಜನವರಿಗೇ ಬೀಗ ಬಿತ್ತು. 1997ರಲ್ಲಿ ಕಟ್ಟಡವನ್ನೇ ಕೆಡವಿದರು. ಒಮ್ಮೆ ನೋಡಿದವರು ಮತ್ತೆ ಬರಲು ಕಾರಣವೇ ಇರಲಿಲ್ಲ. ಸಿನಿಮಾವಾದರೆ ವಾರವಾರ ಬದಲಾಗುತ್ತದಲ್ಲ!

ರೆಡ್‌ವುಡ್ ಸಿಟಿಯಲ್ಲೂ ಎಲ್ಲರಿಗೂ ಲಾಭವಾಯಿತು ಅನ್ನಲಾರೆ. ಮೆಕ್ಸಿಕೋದ ಮಿಚೋಆಕಾನ್ ಕಡೆಯಿಂದ ಬಂದು ತಲೆಮಾರುಗಳಿಂದ ನೆಲೆಸಿದ ಕುಟುಂಬಗಳು ಆ ಊರಲ್ಲಿ ಬಹಳ. ಬಾಡಿಗೆ ಏರಿದ್ದಕ್ಕೆ ಡೌನ್‌ಟೌನ್ ಒಂದೇ ಕಾರಣ ಅಲ್ಲ, ಇಡೀ ಸಿಲಿಕಾನ್ ವ್ಯಾಲಿಯ ಗೋಳು ಅದು. ಆದರೂ ಅದರ ಬಿಸಿ ಮೊದಲು ತಟ್ಟುವುದು ಅಂಥವರಿಗೇ.

ನಿಮ್ಮ ಕೌನ್ಸಿಲ್ ಸಭೆಯಲ್ಲಿ ಸಾರ್ವಜನಿಕರಿಗೆ ಎರಡು ಮೂರು ನಿಮಿಷ ಮಾತಾಡಲು ಬಿಡುತ್ತಾರೆ, ಹೋಗಿ. ಬಾಗಿಲು ಯಾವ ಬೀದಿಗೆ ತೆರೆಯುತ್ತದೆ, ಸುತ್ತ ಮನೆ ಕಟ್ಟಲು ಅನುಮತಿ ಇದೆಯಾ ಅಂತ ಕೇಳಿ. ರಸ್ತೆಬದಿಯ ಪಾರ್ಕಿಂಗ್ ಎಲ್ಲ ಪುಕ್ಕಟೆ ಅಂತ ಅವರು ಹೆಮ್ಮೆಯಿಂದ ಹೇಳಿದರೆ, ನಾನಾಗಿದ್ದರೆ ಯೋಜನೆಯ ವಿರುದ್ಧ ಮಾತಾಡುತ್ತಿದ್ದೆ.